ನವರಾತ್ರಿಗೆ ಕೂರಿಸಿದ ಸ್ಮೋಕಿಂಗ್ ಝೋನ್

ಸೇಡು ಇಟ್ಟುಕೊಳ್ಳುವುದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದು. ಪಿಯುಸಿಯಲ್ಲಿ ನನ್ನ ಲ್ಯಾಬ್ ರೆಕಾರ್ಡನ್ನು ಕೇಳದೆ ಒಯ್ದು, ಕಾಪಿ ಹೊಡೆದು, ಮೇಲೆ ಕಾಫಿ ಚೆಲ್ಲಿ ವಾಪಸು ಕೊಟ್ಟವಳ ಮದುವೆಗೆ ನಾನು ಹೋಗಲಿಲ್ಲ. ಅವಳ ಮಗಳ ಮದುವೆಗೂ ಹೋಗಲಿಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಕರೆದರೆ ಅದಕ್ಕೂ ಹೋಗುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು, ತಪ್ಪು ಉತ್ತರಕ್ಕೆ ಅರ್ಧ ಮಾರ್ಕು ಕೊಟ್ಟವಳಲ್ಲ. ಹಾಗಾಗಿ ಪಕ್ಕದ ಬಿಲ್ಡಿಂಗಿನವನಿಗೆ ನಾನು ಏನು ಮಾಡಿದೆ ಎಂದು ಬರೆಯುವಾಗ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಜಯನಗರದಲ್ಲಿ ನಮ್ಮದು ಹಳೆಯ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾನು ಮತ್ತು ನನ್ನ ಅಕ್ಕ. ಇಬ್ಬರೂ ಮದುವೆಯಾಗಲಿಲ್ಲ. ಅದು ಬೇರೆ ಕಥೆ, ಅದರಲ್ಲೂ ಕೆಲವರ ಮೇಲೆ ನನಗೆ ಸೇಡಿದೆ. ಅಕ್ಕ ಡ್ರಾಯಿಂಗ್ ಟೀಚರಾಗಿದ್ದಳು. ನನಗಿಂತ ಏಳು ವರ್ಷಕ್ಕೆ ದೊಡ್ಡವಳು, ಏಳು ಪಾಲು ಸಾಧು. ರಿಟೈರಾದ ಮೇಲೆ ಅವಳಿಗೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆ ಬಂತು. ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. "ಹೋಗಿದ್ದು ವಾಪಸ್ ಬರಲ್ಲಮ್ಮ, ಇರೋದನ್ನ ಕಾಪಾಡ್ಕೊಳ್ಳಿ," ಅಂದರು ಡಾಕ್ಟರು. ಅಂದಿನಿಂದ ಹಾಲಿನ ಮೂಲೆಯಲ್ಲಿ ಆಕ್ಸಿಜನ್ ಮೆಷೀನು, ಅವಳ ಮೂಗಿಗೆ ಟ್ಯೂಬು.

ಮೆಟ್ಟಿಲು ಇಳಿಯುವುದು ನಿಂತುಹೋಯಿತು. ಟ್ಯೂಬು ಬಾಲ್ಕನಿಯವರೆಗೆ ಮಾತ್ರ ಸಾಲುತ್ತಿತ್ತು. ಸಂಜೆ ನಾಲ್ಕಕ್ಕೆ ಅವಳನ್ನು ಅಲ್ಲಿ ಬೆತ್ತದ ಕುರ್ಚಿಯಲ್ಲಿ ಕೂರಿಸುತ್ತಿದ್ದೆ, ಏಳರವರೆಗೆ. ಹೊಂಗೆ ಮರದ ಕೆಳಗೆ ಹೂವಿನವಳು, ಸೊಪ್ಪಿನ ಗಾಡಿ, ಟ್ಯೂಷನ್ನಿಗೆ ಹೋಗುವ ಹುಡುಗಿಯರು, ಸ್ಕೂಟರ್ ಕಲಿಯುತ್ತಿದ್ದ ಕೆಳಗಿನ ಮನೆಯ ಹೆಂಗಸು, ಎಲ್ಲರನ್ನೂ ಪೆನ್ಸಿಲಿನಲ್ಲಿ ಗೀಚುತ್ತ ಕೂರುತ್ತಿದ್ದಳು. "ಎಂಟ್ರಿ ಫ್ರೀ ಕಣೇ," ಅನ್ನುತ್ತಿದ್ದಳು. ಇಡೀ ಬೆಂಗಳೂರಿನಲ್ಲಿ ಅವಳಿಗೆ ಉಳಿದಿದ್ದ ಜಾಗ ಆ ಆರಡಿ ಉದ್ದ ಮೂರಡಿ ಅಗಲ.

ಪಕ್ಕದ ಸೈಟಿನ ಹಳೇ ಮನೆ ಕೆಡವಿ ಹೊಸ ಬಿಲ್ಡಿಂಗ್ ಎದ್ದಾಗ ನಾವೇನೂ ಮುಖ ಸಿಂಡರಿಸಲಿಲ್ಲ. ಕಾಸು ಕೊಟ್ಟು ಆಡುವ ಜಾಗ ಅದು: ಕೆಳಗೆ ಬೌಲಿಂಗು, ಮೊದಲ ಮಹಡಿಯಲ್ಲಿ ಪೂಲ್ ಟೇಬಲ್ಲು, ದೊಡ್ಡ ಪರದೆಯ ಮೇಲೆ ಕ್ರಿಕೆಟ್ಟು, ಶನಿವಾರ ಸಂಜೆ ಗಿಟಾರು. ಮೇಲಿನ ಮಹಡಿಯ ಹಿಂಭಾಗದಲ್ಲಿ ಮಾಲೀಕನ ಸಂಸಾರ. ಗಿಟಾರಿನವನು ಹಾಡಲು ಶುರುಮಾಡಿದರೆ ಅಕ್ಕ ಕುರ್ಚಿಯ ಕೈಮೇಲೆ ತಾಳ ಹಾಕುತ್ತಿದ್ದಳು. ಸದ್ದಿಗೆ ನಮ್ಮ ತಕರಾರಿರಲಿಲ್ಲ, ನಿಜ ಹೇಳುತ್ತೇನೆ.

ಎರಡು ತಿಂಗಳಾದ ಮೇಲೆ ಮೊದಲ ಮಹಡಿಯ ನಮ್ಮ ಕಡೆಯ ಗೋಡೆ ಒಡೆದು, ಹೊರಗೆ ಮರದ ಹಲಗೆ ಹಾಸಿ, ಕಬ್ಬಿಣದ ಕಟಕಟೆ ನಿಲ್ಲಿಸಿ, ಎತ್ತರದ ಸ್ಟೂಲುಗಳನ್ನಿಟ್ಟು, 'ಸ್ಮೋಕಿಂಗ್ ಝೋನ್' ಎಂದು ಹಸಿರು ಬೋರ್ಡು ಹಾಕಿದರು. ಅಲ್ಲಿ ನಿಂತವರು ಕೈ ಚಾಚಿದರೆ ಅಕ್ಕ ಬೆಂಕಿಪೊಟ್ಟಣ ಕೊಡಬಹುದು, ಅಷ್ಟು ಹತ್ತಿರ. ನಾಲ್ಕು ಗಂಟೆಗೆ ಆಟ ಶುರು, ನಾಲ್ಕು ಗಂಟೆಗೇ ಹೊಗೆ ಶುರು. ಮೊದಲ ದಿನ ಅಕ್ಕ ಸೆರಗು ಮುಚ್ಚಿಕೊಂಡು ಕೂತಳು. ಎರಡನೆಯ ದಿನ ಕೆಮ್ಮು ಹತ್ತಿತು. ಅವಳ ಕೆಮ್ಮನ್ನು ನೀವು ನೋಡಿಲ್ಲ. ತುಟಿ ನೀಲಿಯಾಗುತ್ತದೆ, ಕಣ್ಣು ಹೊರಗೆ ಬರುತ್ತದೆ, ನಾನು ಬೆನ್ನು ಹಿಡಿದು ದೇವರ ಹೆಸರು ಹೇಳುತ್ತ ನಿಲ್ಲಬೇಕು. ಮೂರನೆಯ ದಿನ ಅವಳೇ ಬಾಲ್ಕನಿ ಬಾಗಿಲು ಹಾಕಿಸಿದಳು. "ಇರ್ಲಿ ಬಿಡೇ. ಒಳಗೇ ಕೂತ್ಕೋತೀನಿ," ಅಂದಳು.

ಇರಲಿ ಬಿಡು ಅಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕನ ಆಫೀಸಿಗೆ ಹೋದೆ. ಮೂವತ್ತೈದರ ಆಸುಪಾಸಿನ ಮನುಷ್ಯ, ಟ್ರಿಮ್ ಮಾಡಿದ ಗಡ್ಡ, ಯಾವಾಗಲೂ ನೀಲಿ ಚೆಕ್ಸ್ ಶರಟು. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. ಅಕ್ಕನ ವಿಷಯ ಹೇಳಿದೆ. ಆಕ್ಸಿಜನ್ ಇರುವ ಕಡೆ ಬೆಂಕಿ ಇರಕೂಡದು ಎಂದೂ ಹೇಳಿದೆ.

"ಅಯ್ಯೋ ಆಂಟಿ, ಟೂ ಬ್ಯಾಡ್. ನಾನು ಸೇದೋದೇ ಇಲ್ಲ ಗೊತ್ತಾ? ಆದ್ರೆ ಏನ್ ಮಾಡ್ಲಿ, ಒಳಗಡೆ ಸೇದೋ ಹಾಗಿಲ್ಲ. ರೋಡಲ್ಲಿ ನಿಂತ್ರೆ ಏರಿಯಾದವ್ರು ಬೈತಾರೆ. ಅದಕ್ಕೇ ಪಬ್ಲಿಕ್ ಒಪೀನಿಯನ್ ತಗೊಂಡೇ ಮಾಡಿರೋದು," ಅಂದು ಮೊಬೈಲ್ ತೋರಿಸಿದ. ಅವನ ಪೇಜಿನಲ್ಲಿ ಒಂದು ಪೋಲ್. ಸ್ಮೋಕಿಂಗ್ ಝೋನ್ ಎಲ್ಲಿರಬೇಕು? ಸೈಡಿನಲ್ಲಿ, ಹಿಂದೆ, ಬೇಡವೇ ಬೇಡ. ಸೈಡಿನವರು ಗೆದ್ದಿದ್ದರು. ಕೆಳಗೆ ಬೆಂಕಿಯ ಚಿತ್ರ, ಹೃದಯದ ಚಿತ್ರ, 'ಸಖತ್ ಗುರು'.

"ಯಾವ ಪಬ್ಲಿಕ್ಕಪ್ಪ ಇದು?"

"ನಮ್ ಪೇಜ್ ಫಾಲೋ ಮಾಡೋರು ಆಂಟಿ."

"ನಾನು ಪಬ್ಲಿಕ್ ಅಲ್ವಾ?"

"ನೀವೂ ಫಾಲೋ ಮಾಡಿ ಆಂಟಿ," ಅಂದ, ನಗುತ್ತ. "ನೆಕ್ಸ್ಟ್ ಟೈಮ್ ವೋಟ್ ಹಾಕಿ."

ಆ ನಗು ಇದೆಯಲ್ಲ, ಅದನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಂದೆ. ಕಾರ್ಪೊರೇಷನ್ನಿಗೆ ಅರ್ಜಿ ಕೊಟ್ಟೆ. 'ಸ್ವೀಕರಿಸಲಾಗಿದೆ' ಎಂದು ಸೀಲು ಬಿತ್ತು, ಅಷ್ಟೇ. ಇನ್ನೊಂದು ಕೊಟ್ಟೆ, ಇನ್ನೊಂದು ಸೀಲು. ಬೇಸಿಗೆ ಹೋಯಿತು, ಮಳೆ ಹೋಯಿತು. ಅಕ್ಕ ಸಂಜೆಯೆಲ್ಲ ಟ್ಯೂಬ್‌ಲೈಟಿನ ಕೆಳಗೆ ಕೂತು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ನೆನಪಿನಿಂದ ಹೂವಿನವಳನ್ನು ಬರೆಯುತ್ತಿದ್ದಳು. ಒಂದು ದಿನ ನೋಡುತ್ತೇನೆ, ಹೂವಿನವಳಿಗೆ ಮುಖವೇ ಬರೆದಿಲ್ಲ. "ಮರ್ತುಹೋಯ್ತು ಕಣೇ," ಅಂದಳು. ಆವತ್ತು ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ ಹಲ್ಲು ಕಡಿದೆ. ನಿನಗೆ ಪಬ್ಲಿಕ್ ಒಪೀನಿಯನ್ ತಾನೇ ಬೇಕು ಮಗನೇ, ಇರು, ತೋರಿಸ್ತೀನಿ.

ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ಅಜ್ಜಿಯ ಕಾಲದಿಂದ ಬಂದದ್ದು. ಒಂಬತ್ತು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆಗಳು, ಆಮೇಲೆ ದೇವರುಗಳು, ಋಷಿಗಳು, ಬೇಳೆ ಬೆಲ್ಲ ಮುಂದಿಟ್ಟುಕೊಂಡ ಶೆಟ್ಟಿ ದಂಪತಿ, ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಜೊತೆಗೆ ಪ್ರತಿ ವರ್ಷ ಏನಾದರೊಂದು ಹೊಸ ದೃಶ್ಯ ಮಾಡಬೇಕು, ಅದನ್ನು ನೋಡಲೆಂದೇ ಜನ ಬರುತ್ತಾರೆ. ಒಂದು ವರ್ಷ ಮೆಟ್ರೋ ಮಾಡಿದ್ದೆವು, ಇನ್ನೊಂದು ವರ್ಷ ಪುಟ್ಟೇನಹಳ್ಳಿ ಕೆರೆ, ಹಕ್ಕಿಗಳ ಸಮೇತ. ಬನಶಂಕರಿಯಿಂದ, ಜೆ.ಪಿ. ನಗರದಿಂದ ಆಟೋ ಮಾಡಿಕೊಂಡು ಬರುವವರಿದ್ದಾರೆ. ಒಂಬತ್ತು ಸಂಜೆ ನಮ್ಮ ಬಾಗಿಲು ತೆರೆದಿರುತ್ತದೆ. ಬಂದವರು ಯಾರೇ ಆಗಲಿ, ಅರಿಶಿನ ಕುಂಕುಮ ಕೊಟ್ಟು, ಉಸಲಿ ಕೊಟ್ಟು ಕಳಿಸಬೇಕು.

"ಈ ಸಲ ಏನ್ ಮಾಡೋಣ?" ಅಂತ ಅಕ್ಕ ಕೇಳಿದಳು.

"ಪಕ್ಕದ ಮನೆ," ಅಂದೆ.

ಅವಳು ನಕ್ಕಳು. ತಮಾಷೆ ಅಂದುಕೊಂಡಳು. ಆದರೆ ಕೆಲಸ ಕೊಟ್ಟರೆ ಬೇಡ ಅನ್ನುವವಳಲ್ಲ. ಕಾಗದ ನೆನೆಹಾಕಿ, ರುಬ್ಬಿ, ಮೆಂತ್ಯದ ಅಂಟು ಸೇರಿಸಿ ಹದಿನೈದು ದಿನ ಗೊಂಬೆ ಮಾಡಿದಳು. ಥರ್ಮೋಕೋಲಿನ ಬಿಲ್ಡಿಂಗು, ಐಸ್‌ಕ್ರೀಮ್ ಕಡ್ಡಿಯ ಕಟಕಟೆ, ಸೀಸೆಯ ಮುಚ್ಚಳದ ಸ್ಟೂಲು. ಸ್ಟೂಲಿನ ಮೇಲೆ ಹುಡುಗರು, ಹುಡುಗಿಯರು, ಊದುಬತ್ತಿ ಕಡ್ಡಿಗೆ ಬಿಳಿ ಕಾಗದ ಸುತ್ತಿದ ಸಿಗರೇಟು, ಹತ್ತಿಯ ಹೊಗೆ. ಆ ಹೊಗೆಯೆಲ್ಲ ಎದುರಿನ ಪುಟ್ಟ ಬಾಲ್ಕನಿಯ ಕಡೆಗೆ. ಬಾಲ್ಕನಿಯ ಮುಚ್ಚಿದ ಬಾಗಿಲ ಹಿಂದೆ ಮೂಗಿಗೆ ಟ್ಯೂಬು ಹಾಕಿಕೊಂಡ ಮುದುಕಿ. ಆ ಗೊಂಬೆಯನ್ನು ಅವಳು ಎಷ್ಟು ಚೆನ್ನಾಗಿ ಮಾಡಿದ್ದಳೆಂದರೆ ನಾನು ಅದನ್ನು ನೇರವಾಗಿ ನೋಡಲಾರದೆ ಹೋದೆ.

ಮಧ್ಯದಲ್ಲಿ ಮಾಲೀಕ. ಉಳಿದ ಗೊಂಬೆಗಳ ಎರಡರಷ್ಟು ಎತ್ತರ. ಕಪ್ಪು ಉಲ್ಲನ್ನಿನ ಗಡ್ಡ, ನೀಲಿ ಚೆಕ್ಸ್ ಶರಟು, ಕೈಯಲ್ಲಿ ಮೊಬೈಲು. ಊರಿಗೆ ಊರೇ ಗುರುತು ಹಿಡಿಯಬೇಕು, ಹಾಗಿತ್ತು. ಅದಕ್ಕೂ ಒಂದು ಸಿಗರೇಟು ಸಿಕ್ಕಿಸಿದೆ.

"ಅವನು ಸೇದಲ್ಲ ಅಂದಿದ್ಯಲ್ಲೇ," ಅಂದಳು ಅಕ್ಕ.

"ಅವನು ಸೇದಲ್ಲ. ನನ್ನ ಗೊಂಬೆ ಸೇದತ್ತೆ."

"ತಪ್ಪು ಕಣೇ ಅದು."

"ತಪ್ಪೋ ಸರಿನೋ, ನೀನು ಗಡ್ಡ ಅಂಟಿಸು."

ಮೆಟ್ಟಿಲ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು. ಮೇಲೆ ನನ್ನ ದುಂಡು ಅಕ್ಷರದಲ್ಲಿ ಬರೆದೆ: 'ಆಟದ ಜಾಗಗಳಲ್ಲಿ ಸಿಗರೇಟು ಸೇದಲು ಬೇರೆ ಜಾಗ ಇರಬೇಕೇ? ಇದ್ದರೆ ಎಲ್ಲಿ? ನಿಮ್ಮ ಅಭಿಪ್ರಾಯ ಬರೆಯಿರಿ.' ಪಬ್ಲಿಕ್ ಒಪೀನಿಯನ್, ಆಂಟಿಯ ಪೇಜಿನಲ್ಲಿ!

ಜನ ಬಂದರು ನೋಡಿ! ಮೊದಲ ಸಂಜೆ ಪರಿಚಯದವರು, ಎರಡನೆಯ ಸಂಜೆ ಅವರ ಪರಿಚಯದವರು, ಮೂರನೆಯ ಸಂಜೆಯಿಂದ ಮೊಬೈಲಿನಲ್ಲಿ ಫೋಟೋ ನೋಡಿಕೊಂಡು ಬಂದವರು. ಕಡಲೆಕಾಳು ಉಸಲಿ ಎರಡು ಸಲ ಮಾಡಬೇಕಾಯಿತು. ಬಂದವರೆಲ್ಲ ಮೊದಲು ನಕ್ಕರು, ಆಮೇಲೆ ಮುದುಕಿಯ ಗೊಂಬೆ ನೋಡಿದರು, ಆಮೇಲೆ ಹಾಲಿನಲ್ಲಿ ಟ್ಯೂಬು ಹಾಕಿಕೊಂಡು ಕೂತ ಅಕ್ಕನನ್ನು ನೋಡಿ ನಗು ನಿಲ್ಲಿಸಿದರು. "ಛೆ, ಏನ್ ಜನ ಅಂತೀನಿ," ಅಂದರು. ನನ್ನ ಹೊಟ್ಟೆ ತಣ್ಣಗಾಯಿತು.

ರಾತ್ರಿ ಊಟವಾದ ಮೇಲೆ ನೋಟ್‌ಬುಕ್ಕು ಓದುವುದು ನನ್ನ ಖುಷಿ. 'ಸಿಗರೇಟೇ ಬ್ಯಾನ್ ಮಾಡಿ.' 'ಇವರಿಗೆ ಮನೆಯಲ್ಲಿ ಅಮ್ಮ ಇಲ್ಲವೇ?' 'ಬಿಟಿಎಂನಲ್ಲಿ ನಮ್ಮ ಮನೆ ಪಕ್ಕದಲ್ಲೂ ಇದೇ ಗೋಳು.' ಆದರೆ ಎಲ್ಲರೂ ನನ್ನ ಪರವಾಗಿರಲಿಲ್ಲ. ಅಜ್ಜಿಯ ಜೊತೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಬರೆದಿದ್ದಳು: 'ಆಂಟಿ, ರೋಡಲ್ಲಿ ಸೇದಿದರೂ ಬೈತೀರ, ಒಳಗೆ ಸೇದಿದರೂ ಬೈತೀರ. ಹುಡುಗಿಯರು ಸೇದಿದರೆ ಇನ್ನೂ ಬೈತೀರ. ಒಂದು ಮೂಲೆ ಆದರೂ ಬಿಡಿ.' ಪಕ್ಕದ ಬಿಲ್ಡಿಂಗಿನ ಈ ಬದಿಗೆ ನಾವಿದ್ದರೆ ಆ ಬದಿಗೆ ಒಬ್ಬರು ರಿಟೈರ್ಡ್ ಎಂಜಿನಿಯರ್ ಇದ್ದಾರೆ. ಅವರು ಮುತ್ತಿನಂಥ ಅಕ್ಷರದಲ್ಲಿ, 'ಸೇದುವವರೂ ಮನುಷ್ಯರೇ. ಜಾಗವನ್ನು ಬದಲಿಸೋಣ, ಅವರನ್ನು ಗೊಂಬೆ ಮಾಡುವುದು ಬೇಡ,' ಎಂದು ಬರೆದಿದ್ದರು. ಎರಡು ತಟ್ಟೆ ಉಸಲಿ ತಿಂದು ಹೀಗೆ ಬರೆಯುವುದೇ! ಆ ಎರಡೂ ಹಾಳೆ ಹರಿದುಹಾಕಿದೆ. ಅಂಥವು ಇನ್ನೂ ಏಳೆಂಟು ಇದ್ದವು, ಅವನ್ನೂ ಹರಿದೆ. ಅವನ ಪೋಲಿಗೆ ಅವನ ಗಿರಾಕಿಗಳು, ನನ್ನ ಪೋಲಿಗೆ ನನ್ನ ಗಿರಾಕಿಗಳು. ನಾಚಿಕೆಯೇನೂ ಆಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಅವನು ನಮ್ಮ ಗೇಟಿಗೆ ಬಂದ. ನಾನು ರಂಗೋಲಿ ಹಾಕುತ್ತಿದ್ದೆ.

"ಆಂಟಿ, ಇದೇನಿದು? ನನ್ ಫ್ರೆಂಡ್ಸೆಲ್ಲ ಫೋಟೋ ಕಳಿಸ್ತಿದಾರೆ. ತುಂಬಾ ಚೈಲ್ಡಿಶ್ ಇದು."

"ಗೊಂಬೆ ಅಂದ್ಮೇಲೆ ಚೈಲ್ಡಿಶ್ಶೇ ಇರತ್ತಪ್ಪ. ಒಳಗೆ ಬಾ, ಉಸಲಿ ತಗೋ."

"ನಾನ್ ಸೇದೋದೇ ಇಲ್ಲ ಅಂತ ಹೇಳಿದ್ನಲ್ಲ. ಸುಳ್ಳು ಸುಳ್ಳು ತೋರಿಸ್ತೀರಲ್ಲ."

"ಪಬ್ಲಿಕ್ ಒಪೀನಿಯನ್ ತಗೊಂಡೇ ಮಾಡಿರೋದು," ಅಂದೆ.

ಅವನ ಮುಖ ಕೆಂಪಾಯಿತು. ಒಳಗೆ ಬರಲಿಲ್ಲ. ಬೈಕ್ ಹತ್ತಿ ಹೋದ. ರಂಗೋಲಿಯನ್ನು ಅಷ್ಟು ಸಂತೋಷದಲ್ಲಿ ನಾನು ಯಾವತ್ತೂ ಹಾಕಿಲ್ಲ.

ಸರಸ್ವತಿ ಪೂಜೆಯ ದಿನ ಸಂಜೆ ಐದರ ಹೊತ್ತಿಗೆ ಒಬ್ಬ ಹಿರಿಯ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಹಣೆಯ ಮೇಲೆ ವಿಭೂತಿ, ಹೊಸ ಇಳಕಲ್ ಸೀರೆ, ಕೈಚೀಲದಲ್ಲಿ ಎರಡು ತೆಂಗಿನಕಾಯಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಏದುಸಿರು ಬಿಡುತ್ತ ನಗುತ್ತಿದ್ದರು. ಆ ಹೊತ್ತಿಗೆ ಮನೆಯಲ್ಲಿ ನಾವಿಬ್ಬರೇ.

"ಟೀಚರಮ್ಮನೋರ ಮನೆ ಇದೇ ಅಲ್ವಾ? ನಾನು ಪಕ್ಕದ್ಮನೆಯೋಳು ಕಣ್ರಮ್ಮ. ನನ್ ಮಗನ್ನ ಗೊಂಬೆ ಜೊತೆ ಕೂರ್ಸಿದೀರಂತಲ್ಲ, ಹೂವಿನವ್ಳು ಹೇಳಿದ್ಳು. ನೋಡ್ಕಂಡ್ ಹೋಗೋಣ ಅಂತ ಬಂದೆ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವರು ತಿಪಟೂರು ಕಡೆಯವರು, ಕೊಬ್ಬರಿ ವ್ಯಾಪಾರದ ಮನೆತನ. ಅವರಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ದೇವರುಗಳನ್ನು, ರಾಜರನ್ನು ಕೂರಿಸುವ ಮೆಟ್ಟಿಲು ಎಂದಷ್ಟೇ ಗೊತ್ತು. ಅಂಥ ಕಡೆ ತನ್ನ ಮಗನನ್ನು ಕೂರಿಸಿದ್ದಾರೆ ಅಂದರೆ ಅದು ಮರ್ಯಾದೆಯೇ ಇರಬೇಕು ಎಂದುಕೊಂಡು ಕಾಯಿ ಹೂವು ಹಿಡಿದು ಬಂದಿದ್ದರು.

ಕಣ್ಣಿಗೆ ಪೊರೆ ಬಂದಿತ್ತೆಂದು ಕಾಣುತ್ತದೆ, ತೀರ ಹತ್ತಿರ ಬಗ್ಗಿ ನೋಡಿದರು. "ಅಯ್ಯೋ ಶಿವನೇ, ನನ್ ಮಗನೇ! ಗಡ್ಡ ನೋಡಿ, ಶರಟು ನೋಡಿ. ದೇವ್ರ ಪಾದದ ಕೆಳಗೇ ಕೂರ್ಸಿದೀರಲ್ಲಮ್ಮ. ನಿಮ್ ಕೈಗೆ ಪುಣ್ಯ ಬರ್ಲಿ." ಮಲ್ಲಿಗೆ ಬಿಡಿಸಿ, ಒಂದು ಮೊಗ್ಗು ಕಿತ್ತು, ಆ ಗೊಂಬೆಯ ತಲೆಯ ಮೇಲಿಟ್ಟರು. ಆಗ ಬೆರಳಿಗೆ ಕಡ್ಡಿ ತಗುಲಿತು. "ಇದೇನು, ಪೀಪಿನಾ?" ಅಂದರು.

ಅಕ್ಕ ಕುರ್ಚಿಯಿಂದಲೇ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದಳು. ಎರಡು ಸಲ ಆಡಿಸಿದಳು. ನಾನು ನೋಡದವಳ ಹಾಗೆ ಇದ್ದೆ. ಹೌದು ಪೀಪಿ, ಕೂತ್ಕೊಳ್ಳಿ, ಉಸಲಿ ತಗೊಳ್ಳಿ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಆರು ತಿಂಗಳಿಂದ ಮುಚ್ಚಿದ ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು. ಅದರಾಚೆ ಆ ಹೊತ್ತಿನಲ್ಲೂ ಯಾರೋ ನಗುತ್ತಿದ್ದರು, ಲೈಟರ್ ಹೊತ್ತಿಸುವ ಸದ್ದು ಕೂಡ ಕೇಳುತ್ತಿತ್ತು.

"ಪೀಪಿ ಅಲ್ಲ ಕಣ್ರಿ, ಸಿಗರೇಟು," ಅಂದೆ. "ನಿಮ್ಮ ಮಗ ಮಾಡಿರೋ ಘನಂದಾರಿ ಕೆಲಸ ಇದು. ಇಲ್ನೋಡಿ, ಈ ಮುದುಕಿ. ಅಲ್ನೋಡಿ, ಅವಳೇ. ನನ್ನ ಅಕ್ಕ. ಉಸಿರಾಡಕ್ಕಾಗದೆ ಸಾಯ್ತಿದಾಳೆ. ನಿಮ್ಮ ಮಗನಿಗೆ ಹೇಳಿದ್ರೆ ಹಲ್ಲು ಕಿರಿದ. ಜನ ಎಲ್ಲ ಬಂದು ನಿಮ್ಮ ಮಗನ ಮುಖಕ್ಕೆ ಉಗಿದು ಹೋಗ್ತಿದಾರೆ. ಅದಕ್ಕೆ ಕೂರಿಸಿರೋದು, ಪೂಜೆಗಲ್ಲ."

ಬಾಯಿ ತೆರೆದ ಮೇಲೆ ನನಗೆ ನಿಲ್ಲಿಸಲು ಬರುವುದಿಲ್ಲ. ನೋಟ್‌ಬುಕ್ಕು ತೆಗೆದು ನಾಲ್ಕು ಅಭಿಪ್ರಾಯ ಓದಿಯೂ ಹೇಳಿದೆ. 'ಇವರಿಗೆ ಮನೆಯಲ್ಲಿ ಅಮ್ಮ ಇಲ್ಲವೇ' ಎಂಬುದನ್ನು ಬೇಕೆಂದೇ ಓದಿದೆ.

ಅವರು ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದರು. "ನನ್ ಮಗ ಸೇದ್ತಾನಾ ಅಮ್ಮ?"

ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು, ಆದರೆ ಅವಳಿಗೆ ಅಷ್ಟರಲ್ಲಿ ಕೆಮ್ಮು ಶುರುವಾಗಿ ಮಾತು ಹೊರಡುತ್ತಿರಲಿಲ್ಲ. ನಾನು ಸುಮ್ಮನಿದ್ದೆ. ಸುಮ್ಮನಿದ್ದು ಕುಂಕುಮದ ಬಟ್ಟಲು ಮುಂದೆ ಹಿಡಿದೆ. ಅವರು ಅರಿಶಿನ ಕುಂಕುಮ ಹಚ್ಚಿಕೊಂಡರು, ಉಸಲಿಯ ದೊನ್ನೆ ತೆಗೆದುಕೊಂಡರು, ತೆಂಗಿನಕಾಯಿ ಅಲ್ಲೇ ಇಟ್ಟರು. ಅಕ್ಕನ ಹತ್ತಿರ ಹೋಗಿ ಅವಳ ಬೆನ್ನು ಸ್ವಲ್ಪ ಹೊತ್ತು ನೀವಿದರು. ಆಮೇಲೆ ಗೋಡೆ ಹಿಡಿದುಕೊಂಡು ಇಳಿದುಹೋದರು.

ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ನನ್ನ ಮೇಲಿನ ಕೋಪಕ್ಕೆ ಅಂತ ಹೇಳಲಿಲ್ಲ, ಹಸಿವಿಲ್ಲ ಅಂದಳು. ನಾನು ಹೊಟ್ಟೆ ತುಂಬ ಉಂಡೆ.

ವಿಜಯದಶಮಿ ಕಳೆದು ಎರಡನೆಯ ದಿನ ಪಕ್ಕದಲ್ಲಿ ಸುತ್ತಿಗೆಯ ಸದ್ದು. ಹೋಗಿ ನೋಡಿದರೆ ಹಸಿರು ಬೋರ್ಡು ಕಿತ್ತಿದ್ದಾರೆ, ಕಟಕಟೆ ಬಿಚ್ಚುತ್ತಿದ್ದಾರೆ! ಸಂಜೆಯ ಹೊತ್ತಿಗೆ ಗೋಡೆಯ ತೂತಿಗೆ ಇಟ್ಟಿಗೆ ಕಟ್ಟಿದರು. ಮರುದಿನ ನಾಲ್ಕು ಗಂಟೆಗೆ ನಾನು ಬಾಲ್ಕನಿ ತೊಳೆದು, ಒರೆಸಿ, ಬೆತ್ತದ ಕುರ್ಚಿ ಹಾಕಿ, ಅಕ್ಕನನ್ನು ಕೈಹಿಡಿದು ಕರೆತಂದೆ. ಅವಳು ಕೂತು ಉದ್ದಕ್ಕೆ ಉಸಿರೆಳೆದುಕೊಂಡಳು. ಕೆಮ್ಮಲಿಲ್ಲ. ಕೆಳಗಿನಿಂದ ಹೂವಿನವಳು, "ಅಮ್ಮಾ, ಬಂದ್ರಾ?" ಎಂದು ಕೂಗಿದಳು. ನಾನು ಒಳಗೆ ಹೋಗಿ ಶಾವಿಗೆ ಪಾಯಸ ಮಾಡಿದೆ. ಗೆದ್ದವರು ಪಾಯಸ ಮಾಡಬಾರದು ಅಂತ ಎಲ್ಲಿದೆ?

ಕೆಲವು ದಿನ ಅವರ ಗಿರಾಕಿಗಳು ಹುಡುಗ ಹುಡುಗಿಯರೆನ್ನದೆ ನಮ್ಮ ಗೇಟಿನ ಮುಂದೆಯೇ ನಿಂತು ಸೇದಿದರು. ಬಾಲ್ಕನಿಯಿಂದ ಒಂದು ಬಕೆಟ್ ನೀರು ಸುರಿದೆ. ಆಮೇಲೆ ಅವರೂ ಕಾಣಲಿಲ್ಲ. ಎಲ್ಲಿ ಹೋದರು ಎಂದು ನಾನು ಕೇಳಲಿಲ್ಲ. ನನಗೇನು ಕೆಲಸ.

ಕಾರ್ತಿಕ ಮಾಸದಲ್ಲಿ ಮಾಲೀಕನ ಅಮ್ಮನೇ ಹೂವಿನವಳ ಕೈಯಲ್ಲಿ ಹೇಳಿಕಳಿಸಿದರು. ಸೋಮವಾರ ಮನೆಯಲ್ಲಿ ಪೂಜೆ, ಟೀಚರಮ್ಮ ಪ್ರಸಾದಕ್ಕೆ ಬರಬೇಕು ಅಂತ. ಹೋಗುವುದಿಲ್ಲ ಅಂದೆ. "ಅವರು ನಿನ್ನ ಕುಂಕುಮ ತಗೊಂಡು ಹೋಗಿದಾರೆ. ಹೋಗಲಿಲ್ಲ ಅಂದ್ರೆ ನಾನು ನಿನ್ ಜೊತೆ ಮಾತಾಡಲ್ಲ," ಅಂದಳು ಅಕ್ಕ. ಹಾಗೆ ಅವಳು ಅಂದದ್ದು ಜೀವನದಲ್ಲಿ ಅದೇ ಮೊದಲು. ಬಾಳೆಹಣ್ಣು ತೆಗೆದುಕೊಂಡು ಹೋದೆ.

ಹಿಂದಿನ ಮೆಟ್ಟಿಲಿನಿಂದ ಹತ್ತಬೇಕು. ಮೊದಲ ಮಹಡಿಯ ತಿರುವಿಗೆ ಬಂದಾಗಲೇ ವಾಸನೆ ಬಡಿಯಿತು. ಹಿಂಗೋಡೆಗೆ ಆತುಕೊಂಡು ಅದೇ ಮರದ ಹಲಗೆ, ಅದೇ ಕಟಕಟೆ, ಅದೇ ಹಸಿರು ಬೋರ್ಡು, ಏಳೆಂಟು ಜನ. ಅದರ ನೆತ್ತಿಯ ಮೇಲೆಯೇ ಅವರ ಕೋಣೆಯ ಕಿಟಕಿ. ಒಳಗೆ ಹೋದೆ. ಕಿಟಕಿ ಮುಚ್ಚಿತ್ತು, ಸಂದಿಗೆ ಒದ್ದೆ ಟವೆಲು ತುರುಕಿದ್ದರು. ಆದರೂ ಲಿಂಗಪೂಜೆಯ ವಿಭೂತಿ, ಧೂಪ ಎಲ್ಲದರ ಮೇಲೆ ಅದೇ ವಾಸನೆ. ಅವರ ಕಣ್ಣು ಕೆಂಪಾಗಿತ್ತು, ಗಂಟಲು ಕಟ್ಟಿತ್ತು.

"ಬನ್ನಿ ಬನ್ನಿ. ನಿಮ್ಮಕ್ಕ ಹೆಂಗಿದಾರೆ? ಹೊರಗೆ ಕೂತ್ಕೋತಾರಾ?" ಅಂದರು.

"ಕೂತ್ಕೋತಾಳೆ," ಅಂದೆ.

"ಅಷ್ಟ್ ಸಾಕು." ತಟ್ಟೆಗೆ ಸಿಹಿ ಪೊಂಗಲ್ ಬಡಿಸಿದರು. "ಅವನು ಸೇದಲ್ಲ ಕಣ್ರಮ್ಮ. ಆವತ್ತು ಮನೆಗೆ ಬಂದ್ಮೇಲೆ ಬಾಯಿ ಊದಿಸಿ ಮೂಸಿ ನೋಡ್ದೆ. ಮೂವತ್ತಾರು ವರ್ಷದ ಗಂಡ್ಸು, ಅತ್ಬಿಟ್ಟ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ನನಗೆ ಪಶ್ಚಾತ್ತಾಪ ಬಂದರೂ ಅದು ಸಿಟ್ಟಿನ ವೇಷ ಹಾಕಿಕೊಂಡೇ ಬರುತ್ತದೆ.

"ನಿಮ್ಮ ಕಿಟಕಿ ಕೆಳಗೇ ಹಾಕಿಸಿದಾನಲ್ಲ, ಬುದ್ಧಿ ಬೇಡ್ವಾ ಅವನಿಗೆ?" ಅಂದೆ.

"ನಾನೇ ಹಾಕ್ಸಿದ್ದು. ಅವನು ಬೇಡ ಅಂತ ಕಾಲಿಗೆ ಬಿದ್ದ. ಟೆರೇಸಲ್ಲಿ ಹಾಕ್ತೀನಿ ಅಂದ, ಅಲ್ಲಿ ಹಿಂದಿನ ಮನೆ ಬಾಣಂತಿ ಕೋಣೆ ನೇರ. ಮುಂದೆ ಅಂದ, ಅಲ್ಲಿ ಸ್ಕೂಲ್ ವ್ಯಾನ್ ನಿಲ್ಲತ್ತೆ. ತೆಗೆದೇ ಹಾಕ್ದಾಗ ಎಲ್ಲಾ ನಿಮ್ ಗೇಟ್ ಮುಂದೆ ಬಂದ್ ನಿಂತ್ರು. ನೀವು ನೀರು ಸುರುದ್ರಲ್ಲ, ಆವತ್ತು ಹೇಳ್ದೆ, ನನ್ ಕಿಟಕಿ ಕೆಳಗೆ ಹಾಕು, ಯಾರ್ ಬಾಯಿಗೂ ಬೀಳೋದ್ ಬೇಡ ಅಂತ."

"ಹಾಗಂತ ನೀವ್ಯಾಕೆ ಇದನ್ನ ಕುಡೀಬೇಕು? ಬೇರೆ ಕಡೆ ಹಾಕಿಸಿ."

"ನೀವೇ ಒಂದ್ ಜಾಗ ಹೇಳಿ," ಅಂದರು. ದನಿಯಲ್ಲಿ ವ್ಯಂಗ್ಯ ಒಂದು ಚೂರೂ ಇರಲಿಲ್ಲ. "ಓದಿರೋರು ನೀವು. ಹೇಳಿ, ನಾಳೇನೇ ಹಾಕಿಸ್ತೀನಿ."

ಯೋಚನೆಯನ್ನೂ ಮಾಡಲಿಲ್ಲ. ಹರಿದುಹಾಕಿದ ಹಾಳೆಯ ಸಿಟ್ಟು ಇನ್ನೂ ಇತ್ತೆಂದು ಕಾಣುತ್ತದೆ, ನಾಲಿಗೆ ತಾನಾಗಿ ಹೇಳಿತು. "ಆ ಪಕ್ಕಕ್ಕೆ ಹಾಕಿಸಿ. ಎಂಜಿನಿಯರ್ ಮನೆ ಕಡೆಗೆ. ಅಲ್ಲಿ ಒಬ್ಬರೇ ಇರೋದು. ವಯಸ್ಸಾದೋರು. ಇನ್ನೆಷ್ಟು ದಿನ ಇರ್ತಾರೆ."

ಅವರು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು.

"ನಿಮ್ ಅಕ್ಕನ್ ಬಗ್ಗೆ ನನ್ ಮಗನೂ ಹಿಂಗೇ ಅಂದಿದ್ದ ಕಣ್ರಮ್ಮ," ಅಂದರು.